ತೂಕ ಇಳಿಸಲು ಗುಂಪು ಸೇರಬೇಕಾ?

ಈಗ ಮೈಸೂರಿನ ಯಾವ ಬಡಾವಣೆಗೆ ಹೋದರೂ ತೂಕ ಇಳಿಸುವವರ ಒಂದು ಗುಂಪು ಸಿಗುತ್ತದೆ. ಕೆಲವರು ಪಾರ್ಕಿನಲ್ಲಿ ಸೇರುತ್ತಾರೆ, ಕೆಲವರು ಯಾರದೋ ಮನೆಯ ತಾರಸಿ ಮೇಲೆ. ಕೆಲವು ಗುಂಪುಗಳು ವಾಟ್ಸಾಪ್‌ನಲ್ಲಿ ಮಾತ್ರ ಇರುತ್ತವೆ. "ಮೂರು ತಿಂಗಳ ಬ್ಯಾಚ್", "21 ದಿನದ ಚಾಲೆಂಜ್" ಅಂತ ಗೇಟಿಗೆ ಅಂಟಿಸಿದ ಚೀಟಿಗಳನ್ನು ನೀವೂ ನೋಡಿರುತ್ತೀರಿ. ನಾನು ಇಂಥ ಎರಡು ಗುಂಪು ಸೇರಿದವಳು. ಒಂದನ್ನು ಬಿಟ್ಟೆ, ಇನ್ನೊಂದರಲ್ಲಿ ಈಗಲೂ ಇದ್ದೇನೆ. ಅದಕ್ಕೇ ಇರಬೇಕು, ಪರಿಚಯದವರು "ಸೇರಬಹುದಾ? ದುಡ್ಡು ಕೊಟ್ಟಿದ್ದಕ್ಕೆ ಪ್ರಯೋಜನ ಇದೆಯಾ?" ಅಂತ ನನ್ನನ್ನು ಕೇಳುತ್ತಿರುತ್ತಾರೆ. ತರಕಾರಿ ಗಾಡಿ ಹತ್ತಿರ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗುಂಪಿನಿಂದ ಸಿಗುವ ಲಾಭವೂ ಆಗುವ ನೋವೂ ಒಂದೇ ಕಡೆಯಿಂದ ಬರುತ್ತವೆ. ಅಲ್ಲಿ ನಾಲ್ಕು ಜನ ನಿಮ್ಮನ್ನು ಗಮನಿಸುತ್ತಿರುತ್ತಾರೆ. ಆ ನಾಲ್ಕು ಜನ ಯಾರು, ಏನನ್ನು ಗಮನಿಸುತ್ತಾರೆ, ಎಷ್ಟು ಕಾಲ ಜೊತೆಗಿರುತ್ತಾರೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ನಮ್ಮಲ್ಲಿ ತೂಕ ಏರುತ್ತಿರುವುದು ನಿಜ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರ ಪೈಕಿ ಸುಮಾರು ಶೇ 23 ಜನರ ತೂಕ ಜಾಸ್ತಿ ಇತ್ತು. 2019-21ರ ಸಮೀಕ್ಷೆಯ ಹೊತ್ತಿಗೆ ಅದು ಶೇ 30 ಆಯಿತು. ಗಂಡಸರಲ್ಲಿ ಶೇ 22 ಇದ್ದದ್ದು ಹತ್ತಿರ ಹತ್ತಿರ ಶೇ 31 ಆಯಿತು. ಅಲ್ಲಿ ಲೆಕ್ಕಕ್ಕೆ ಹಿಡಿದದ್ದು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ಮತ್ತು ಅದಕ್ಕಿಂತ ಜಾಸ್ತಿ ಇದ್ದವರನ್ನು. ನಮ್ಮ ವೈದ್ಯರು 23ಕ್ಕೇ ಎಚ್ಚರಿಸುತ್ತಾರೆ. ನಮ್ಮ ಜನರಲ್ಲಿ ಬೊಜ್ಜು ಹೊಟ್ಟೆಯ ಸುತ್ತ ಸೇರುವುದು ಜಾಸ್ತಿ, ಸಕ್ಕರೆ ಕಾಯಿಲೆ ಕಡಿಮೆ ತೂಕಕ್ಕೇ ಬಂದುಬಿಡುತ್ತದೆ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು ಅನ್ನುವುದೂ ಅದೇ ಕಾರಣಕ್ಕೆ.

ಈ ಗುಂಪುಗಳ ಕಥೆ ಶುರುವಾದದ್ದು ಒಂದು ಮನೆಯ ಹಾಲ್‌ನಲ್ಲಿ. 1961ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಜೀನ್ ನೈಡೆಚ್ ಎಂಬ ಗೃಹಿಣಿ ಇದ್ದರು. ನಗರದ ಆರೋಗ್ಯ ಮಂಡಳಿ ನಡೆಸುತ್ತಿದ್ದ ಬೊಜ್ಜಿನ ಕ್ಲಿನಿಕ್‌ಗೆ ಹೋಗುತ್ತಿದ್ದರು. ಏನು ತಿನ್ನಬೇಕು ಅನ್ನುವ ಪಟ್ಟಿ ಅಲ್ಲಿ ಸಿಕ್ಕಿತ್ತು. ಆದರೆ ಮನೆಯಲ್ಲಿ ಕದ್ದು ಬಿಸ್ಕತ್ತು ತಿನ್ನುವ ವಿಷಯವನ್ನು ಅಲ್ಲಿ ಬಾಯಿಬಿಟ್ಟು ಹೇಳಲು ಅವರಿಗೆ ಆಗಲಿಲ್ಲ. ಆರು ಜನ ಗೆಳತಿಯರನ್ನು ಮನೆಗೆ ಕರೆದು ಅದನ್ನು ಹೇಳಿಕೊಂಡರು. ಗೆಳತಿಯರೂ ತಮ್ಮ ತಮ್ಮ ಗುಟ್ಟು ಹೇಳಿದರು. ಆಮೇಲೆ ವಾರವಾರ ಸೇರತೊಡಗಿದರು. ಜೀನ್ ಅವರ ತೂಕ ಸುಮಾರು 32 ಕೆಜಿ ಇಳಿಯಿತು. 1963ರಲ್ಲಿ ಅದೇ ಕೂಟ ವೇಟ್ ವಾಚರ್ಸ್ ಎಂಬ ಕಂಪನಿಯಾಯಿತು. 1978ರಲ್ಲಿ ಅದನ್ನು ಹೈನ್ಜ್ ಕಂಪನಿ ಕೊಂಡಿತು.

ಆಹಾರದ ಪಟ್ಟಿ ಕ್ಲಿನಿಕ್‌ನಲ್ಲೇ ಸಿಕ್ಕಿತ್ತು ಅನ್ನುವುದನ್ನು ಗಮನಿಸಿ. ಅದನ್ನು ಪಾಲಿಸಲು ಶಕ್ತಿ ಬಂದದ್ದು ಮಾತಿನಿಂದ. ನಮಗೂ ಏನು ತಿನ್ನಬಾರದು ಅಂತ ಗೊತ್ತಿಲ್ಲವೇ? ಎಲ್ಲರಿಗೂ ಗೊತ್ತು. ರಾತ್ರಿ ಹತ್ತಕ್ಕೆ ಪಾತ್ರೆ ತೊಳೆದು, ಮಿಕ್ಕ ಚಿತ್ರಾನ್ನವನ್ನು ಬಿಸಾಡಲು ಮನಸ್ಸು ಬಾರದೆ ನಿಂತಲ್ಲೇ ತಿಂದುಬಿಡುವ ಅಭ್ಯಾಸ ಇದೆಯಲ್ಲ, ಅದನ್ನು ಡಾಕ್ಟರ ಮುಂದೆ ಯಾರೂ ಹೇಳುವುದಿಲ್ಲ. ನಮ್ಮ ಪಾರ್ಕಿನ ಗುಂಪಿನಲ್ಲಿ ಒಬ್ಬ ಅಕ್ಕ ಇದನ್ನು ಮೊದಲ ಸಲ ಹೇಳಿದಾಗ, ಸುತ್ತ ಇದ್ದವರೆಲ್ಲ "ಅಯ್ಯೋ, ನಮ್ಮನೇಲೂ ಅದೇ ಕಥೆ" ಅಂದರು. ಆ ದಿನದಿಂದ ಅಕ್ಕಿ ಅಳೆಯುವ ಪಾವಿನ ಬಗ್ಗೆ ಮಾತು ಶುರುವಾಯಿತು. ಮಿಗುವಷ್ಟು ಯಾಕೆ ಮಾಡುತ್ತೇವೆ? ಯಾರಾದರೂ ಬಂದರೆ ಇರಲಿ ಅಂತ. ಎಷ್ಟು ದಿನ ಯಾರು ಬಂದರು? ಹೀಗೆ ಒಂದೊಂದೇ ಕೇಳಿಕೊಂಡು ಹೋದೆವು. ಯಾವ ಡಯಟ್ ಚಾರ್ಟ್ ಕೂಡ ನಮ್ಮ ಅಡುಗೆಮನೆಯ ಒಳಗೆ ಅಷ್ಟು ದೂರ ಬಂದಿರಲಿಲ್ಲ.

ಗುಂಪಿನಿಂದ ಉಪಯೋಗ ಇದೆಯೇ ಅಂತ ಸಂಶೋಧಕರೂ ಅಳೆದು ನೋಡಿದ್ದಾರೆ. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಆಸ್ಟ್ರೇಲಿಯಾ, ಜರ್ಮನಿ ಮತ್ತು ಬ್ರಿಟನ್ನಿನ 772 ಜನ ಇದ್ದರು. ಅರ್ಧ ಜನರನ್ನು ವೇಟ್ ವಾಚರ್ಸ್ ಗುಂಪಿಗೆ ಕಳಿಸಿದರು, ಇನ್ನರ್ಧ ಜನರಿಗೆ ಅವರವರ ಡಾಕ್ಟರೇ ಸಲಹೆ ಕೊಟ್ಟರು. ಒಂದು ವರ್ಷಕ್ಕೆ ಗುಂಪಿನವರ ತೂಕ ಸರಾಸರಿ 5 ಕೆಜಿ ಇಳಿದಿತ್ತು, ಡಾಕ್ಟರ ಸಲಹೆ ಪಡೆದವರದ್ದು 2 ಕೆಜಿಗಿಂತ ಸ್ವಲ್ಪ ಜಾಸ್ತಿ. ಈ ಅಧ್ಯಯನಕ್ಕೆ ದುಡ್ಡು ಬಂದದ್ದು ಅದೇ ಕಂಪನಿಯಿಂದ. ಅದನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇನ್ನೊಂದು ಮಾತು: ಎರಡೂ ಕಡೆ ಬಹಳ ಜನ ಮಧ್ಯದಲ್ಲೇ ಬಿಟ್ಟಿದ್ದರು. ವರ್ಷ ಪೂರ್ತಿ ಮುಗಿಸಿದವರು ಗುಂಪಿನಲ್ಲಿ ಶೇ 61, ಇನ್ನೊಂದು ಕಡೆ ಶೇ 54.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು 2017ರಲ್ಲಿ ಇಂಗ್ಲೆಂಡಿನಿಂದ ಬಂದ ಅಧ್ಯಯನ. ಅಲ್ಲಿ 1267 ಜನರನ್ನು ಮೂರು ಭಾಗ ಮಾಡಿದರು. ಒಂದು ಭಾಗಕ್ಕೆ ಚಿಕ್ಕ ಸಲಹೆ ಮತ್ತು ಪುಸ್ತಕ, ಇನ್ನೊಂದಕ್ಕೆ 12 ವಾರದ ಗುಂಪು, ಮತ್ತೊಂದಕ್ಕೆ ಒಂದು ವರ್ಷದ ಗುಂಪು. ವರ್ಷದ ಕೊನೆಗೆ ಪುಸ್ತಕ ಓದಿದವರು ಸರಾಸರಿ 3.3 ಕೆಜಿ, 12 ವಾರದವರು 4.8 ಕೆಜಿ, ವರ್ಷಪೂರ್ತಿ ಇದ್ದವರು 6.8 ಕೆಜಿ ಇಳಿಸಿದ್ದರು. ಎರಡು ವರ್ಷದ ಹೊತ್ತಿಗೆ ಮೂರೂ ಕಡೆ ಒಂದಷ್ಟು ತೂಕ ವಾಪಸ್ ಬಂದಿತ್ತು. ಆದರೂ ವರ್ಷಪೂರ್ತಿ ಇದ್ದವರಲ್ಲಿ 4.3 ಕೆಜಿ ಇಳಿಕೆ ಉಳಿದಿತ್ತು, 12 ವಾರದವರಲ್ಲಿ 3 ಕೆಜಿ. ಗೇಟಿನ ಮೇಲೆ "21 ದಿನ" ಅಂತ ಕಂಡಾಗ ನನಗೆ ಈ ಅಂಕಿಗಳು ನೆನಪಾಗುತ್ತವೆ. 22ನೇ ದಿನ ಏನು ಮಾಡಬೇಕು ಅಂತ ಆ ಚೀಟಿಯಲ್ಲಿ ಬರೆದಿರುವುದಿಲ್ಲ.

ನಮ್ಮ ಪಕ್ಕದ ರಾಜ್ಯಗಳಲ್ಲೂ ಇಂಥ ಪ್ರಯತ್ನ ನಡೆದಿದೆ. ಚೆನ್ನೈನಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 578 ಜನರ ಮೇಲೆ ಡಿ-ಕ್ಲಿಪ್ ಎಂಬ ಅಧ್ಯಯನ ನಡೆಯಿತು. ಒಂದು ಭಾಗದವರಿಗೆ ಊಟ, ನಡಿಗೆಯ ಬಗ್ಗೆ ವಾರವಾರ ಗುಂಪು ತರಗತಿ. ಅಷ್ಟು ಸಾಲದೆ ಹೋದವರಿಗೆ ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ. ಮೂರು ವರ್ಷದಲ್ಲಿ ಇವರಲ್ಲಿ ಸಕ್ಕರೆ ಕಾಯಿಲೆಗೆ ಬಿದ್ದವರು, ಬರೀ ಸಾಮಾನ್ಯ ಸಲಹೆ ಪಡೆದವರಿಗಿಂತ ಸುಮಾರು ಶೇ 32 ಕಡಿಮೆ. ತಿರುವನಂತಪುರಂ ಜಿಲ್ಲೆಯಲ್ಲಿ 1007 ಜನರನ್ನು ಸೇರಿಸಿಕೊಂಡು, ಊರಿನವರೇ ಮುಂದೆ ನಿಂತು ನಡೆಸುವ ಗುಂಪುಗಳನ್ನು ಕಟ್ಟಿದರು. ಎರಡು ವರ್ಷದ ಮೇಲೆ ನೋಡಿದರೆ ಗುಂಪಿನಲ್ಲಿದ್ದವರಲ್ಲಿ ಶೇ 14.9, ಇಲ್ಲದವರಲ್ಲಿ ಶೇ 17.1 ಜನರಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಇದು ಗುಂಪಿನಿಂದಲೇ ಆಯಿತು ಅಂತ ಖಚಿತವಾಗಿ ಹೇಳುವಷ್ಟು ದೊಡ್ಡ ವ್ಯತ್ಯಾಸವಲ್ಲ. ಆದರೆ ಹಣ್ಣು ತರಕಾರಿ ತಿನ್ನುವುದು ಜಾಸ್ತಿಯಾಗಿತ್ತು, ಕುಡಿತ ಕಡಿಮೆಯಾಗಿತ್ತು. ಗುಂಪು ಸೇರಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ನಂಬದಿರುವುದು ಇದಕ್ಕೇ.

ಈ ಅಂಕಿಗಳಲ್ಲಿ ಕಾಣದ ಒಂದು ಲಾಭದ ಬಗ್ಗೆ ನನಗೆ ತುಂಬಾ ಹೇಳಬೇಕಿದೆ. ಅದು ಹೆಂಗಸಿನ ಸಮಯ. ನಮ್ಮ ಮನೆಗಳಲ್ಲಿ ಬೆಳಗ್ಗೆ ಆರರಿಂದ ಎಂಟರವರೆಗೆ ಅವಳ ಕೈ ಎಲ್ಲರಿಗೂ ಬೇಕು. ಕಾಫಿ, ತಿಂಡಿ, ಡಬ್ಬಿ, ನೀರು ಬಂತಾ ನೋಡು, ಹಾಲು ಉಕ್ಕೀತು ನೋಡು. "ನಾನು ವಾಕಿಂಗ್ ಹೋಗ್ತೀನಿ" ಅಂತ ಒಬ್ಬಳೇ ಹೊರಟರೆ ಮೂರನೇ ದಿನ ಏನಾದರೂ ಒಂದು ಅಡ್ಡ ಬರುತ್ತದೆ. "ಗುಂಪಿನವರು ಕಾಯ್ತಿರ್ತಾರೆ" ಅಂದರೆ ಮನೆಯವರು ಬಿಡುತ್ತಾರೆ. ಹೆಂಗಸು ತನ್ನ ಆರೋಗ್ಯಕ್ಕೆ ಅಂತ ಒಂದು ಗಂಟೆ ಕೇಳಿದರೆ ಸಿಗುವುದಿಲ್ಲ, ಹೊರಗಿನವರಿಗೆ ಕೊಟ್ಟ ಮಾತು ಅಂದರೆ ಸಿಗುತ್ತದೆ. ಇದು ಬೇಸರದ ವಿಷಯವೇ. ಆದರೂ ಸಿಕ್ಕ ಆ ಗಂಟೆ ದೊಡ್ಡದು. ನಮ್ಮ ಗುಂಪಿನ ಎಷ್ಟೋ ಜನರಿಗೆ ಮದುವೆಯಾದ ಮೇಲೆ ದಿನಾ ತಮಗೇ ಅಂತ ಸಿಕ್ಕ ಮೊದಲ ಗಂಟೆ ಅದು. ಮನೆಯಲ್ಲಿ ತಿಂಡಿ ಯಾರು ಮಾಡುತ್ತಾರೆ ಅನ್ನುವ ಪ್ರಶ್ನೆ ಎದ್ದಿತು. ಕೆಲವು ಮನೆಗಳಲ್ಲಿ ಗಂಡಂದಿರು ದೋಸೆ ಹುಯ್ಯಲು ಕಲಿತರು.

ಇನ್ನೊಂದು, ಅಡುಗೆ. ಒಬ್ಬರಿಗೆ ಮಾತ್ರ ಡಯಟ್ ಅಂದರೆ ನಮ್ಮ ಮನೆಗಳಲ್ಲಿ ಎರಡೆರಡು ಅಡುಗೆ. ಅದು ಎಷ್ಟು ದಿನ ನಡೆದೀತು? ಗುಂಪಿನಲ್ಲಿ ನಾವು ಮಾಡಿದ್ದು ಎಲ್ಲರಿಗೂ ಒಂದೇ ಅಡುಗೆ, ತಟ್ಟೆಯಲ್ಲಿ ಬಡಿಸುವ ಅಳತೆ ಬೇರೆ. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. ದಿನದ ಶಕ್ತಿಯಲ್ಲಿ ಅಕ್ಕಿ, ಗೋಧಿ, ರಾಗಿಯಂಥ ಧಾನ್ಯಗಳ ಪಾಲು ಶೇ 45 ದಾಟಬಾರದು ಅನ್ನುತ್ತದೆ ಅದು. ನಮ್ಮ ದೇಶದಲ್ಲಿ ಈಗ ಅದು ಶೇ 50ರಿಂದ 70. ಮುದ್ದೆ ಒಳ್ಳೆಯದು ಅಂತ ಎರಡು ಮುದ್ದೆ ಉಂಡು, ಮೇಲೆ ಅನ್ನ ಕಲಸಿದರೆ ಅದೂ ಧಾನ್ಯವೇ ಅಲ್ವಾ? ಒಂದು ಮುದ್ದೆ, ಜೊತೆಗೆ ಗಟ್ಟಿ ಸೊಪ್ಪಿನ ಹುಳಿ, ಮೊಳಕೆ ಕಾಳಿನ ಪಲ್ಯ, ಒಂದು ಹಿಡಿ ಹೆಸರುಬೇಳೆ ಕೋಸಂಬರಿ, ಮಜ್ಜಿಗೆ. ಮನೆಯವರು ಗೊಣಗದೆ ಊಟ ಮಾಡಿದರು. ದಸರಾ, ಗೌರಿ ಹಬ್ಬಕ್ಕೆ ಹೋಳಿಗೆ ಬೇಡ ಅಂತ ನಾವು ಯಾವತ್ತೂ ಹೇಳಲಿಲ್ಲ. ಒಂದು ಹೋಳಿಗೆ, ಮೇಲೆ ತುಪ್ಪ, ಕೂತು ನಿಧಾನವಾಗಿ ತಿನ್ನಿ ಅಂದೆವು. ಹಬ್ಬವನ್ನೇ ಬಿಡಿಸುವ ಗುಂಪು ನಮ್ಮ ಊರಲ್ಲಿ ಬಾಳುವುದಿಲ್ಲ.

ಈಗ ನಾನು ಬಿಟ್ಟ ಗುಂಪಿನ ಬಗ್ಗೆ. ಅಲ್ಲಿ ಪ್ರತಿ ಶನಿವಾರ ಎಲ್ಲರ ಮುಂದೆ ತೂಕ ನೋಡಿ ಜೋರಾಗಿ ಓದುತ್ತಿದ್ದರು. ಇಳಿದವರಿಗೆ ಚಪ್ಪಾಳೆ, ಏರಿದವರಿಗೆ "ಏನ್ ತಿಂದ್ರಿ ಹೇಳಿ?" ಅನ್ನುವ ಪ್ರಶ್ನೆ. ನನ್ನ ಪಕ್ಕ ಕೂರುತ್ತಿದ್ದ ಹುಡುಗಿಗೆ ಥೈರಾಯ್ಡ್ ತೊಂದರೆ ಇತ್ತು. ಅವಳು ಶುಕ್ರವಾರ ಮಧ್ಯಾಹ್ನದಿಂದ ನೀರೂ ಕುಡಿಯುತ್ತಿರಲಿಲ್ಲ. ಮುಳ್ಳು ಕೆಳಗೆ ಇರಲಿ ಅಂತ. ಚಿಕ್ಕಂದಿನಿಂದ "ಡುಮ್ಮಿ" ಅಂತ ಕರೆಸಿಕೊಂಡು ಬೆಳೆದವರಿಗೆ ಆ ಶನಿವಾರಗಳು ಏನು ಮಾಡುತ್ತವೆ ಅಂತ ನಡೆಸುವವರು ಯೋಚಿಸಲೇ ಇಲ್ಲ. ಸ್ವಲ್ಪ ಇಳಿಸಿದವರು ಬರುತ್ತಲೇ ಇದ್ದರು. ಏರಿದವರು ಬರುವುದು ನಿಲ್ಲಿಸಿದರು. ಯಾರಿಗೆ ಜೊತೆ ಹೆಚ್ಚು ಬೇಕಿತ್ತೋ ಅವರೇ ಹೋಗಿಬಿಟ್ಟರು.

ಗಂಡಸರು ಹೆಂಗಸರು ಒಟ್ಟಿಗೆ ಇದ್ದ ಗುಂಪು ಅದು. ಅದರಲ್ಲೂ ಒಂದು ಅನ್ಯಾಯ ಇತ್ತು. ಗಂಡಸರ ಮೈ ದೊಡ್ಡದು, ಮಾಂಸಖಂಡ ಜಾಸ್ತಿ. ಕೂತಿದ್ದರೂ ಅವರ ದೇಹ ಜಾಸ್ತಿ ಶಕ್ತಿ ಖರ್ಚು ಮಾಡುತ್ತದೆ. ಒಂದೇ ಪಟ್ಟಿ ಪಾಲಿಸಿದರೆ ಅವರ ತೂಕವೇ ಮೊದಲು ಇಳಿಯುತ್ತದೆ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸನ್ನೂ ಮೂವತ್ತರ ಹುಡುಗನನ್ನೂ ಒಂದೇ ಬೋರ್ಡಿನಲ್ಲಿ ಮೇಲೆ ಕೆಳಗೆ ಬರೆಯುವುದು ಸರಿಯಲ್ಲ.

ಮೊದಲ ವಾರದ ಚಪ್ಪಾಳೆಯ ಬಗ್ಗೆಯೂ ಹೇಳಬೇಕು. ಅನ್ನ, ಸಕ್ಕರೆ ತಟ್ಟನೆ ನಿಲ್ಲಿಸಿದರೆ ಮೊದಲ ವಾರದಲ್ಲೇ ಎರಡು ಕೆಜಿ ಇಳಿಯಬಹುದು. ಅದರಲ್ಲಿ ಬಹುಪಾಲು ನೀರು. ನಮ್ಮ ಲಿವರ್ ಮತ್ತು ಮಾಂಸಖಂಡಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ದೇಹ ಉಳಿಸಿಟ್ಟುಕೊಂಡ ಸಕ್ಕರೆ, ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಅದು ಖರ್ಚಾದರೆ ನೀರೂ ಹೋಗುತ್ತದೆ, ಅನ್ನ ಉಂಡರೆ ವಾಪಸ್ ಬರುತ್ತದೆ. ಇದನ್ನೇ ತೋರಿಸಿ "ನೋಡಿ ನಮ್ಮ ಪ್ರೋಗ್ರಾಂ" ಅನ್ನುವವರನ್ನು ನಂಬಬೇಡಿ. ಮುಂದೆಯೂ ಅದೇ ವೇಗದಲ್ಲಿ ಇಳಿಸಲು ಹೋದರೆ ಮಾಂಸಖಂಡ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಆಗುವ ಅಪಾಯವೂ ಇದೆ. ವಾರಕ್ಕೆ ಅರ್ಧ ಕೆಜಿ ಇಳಿದರೆ ಅದು ಒಳ್ಳೆಯ ಕೆಲಸ.

ಆಮೇಲೆ ಪುಡಿ. ಆ ಗುಂಪಿನಲ್ಲಿ ಸೇರುವ ಶುಲ್ಕ ಕಡಿಮೆ ಇತ್ತು. ಎರಡನೇ ವಾರದಿಂದ ಡಬ್ಬಿಗಳು ಬಂದವು. ರಾತ್ರಿ ಊಟದ ಬದಲು ಕುಡಿಯುವ ಪುಡಿ, ಬೆಳಗ್ಗೆ ಬೇರೆ ಪುಡಿ, ಮಧ್ಯೆ ಒಂದು ಚಹಾ. ಇನ್ನಿಬ್ಬರನ್ನು ಸೇರಿಸಿದರೆ ನಿಮಗೆ ರಿಯಾಯಿತಿ. ಪಕ್ಕದ ಮನೆಯವರು ಕಮಿಷನ್‌ಗಾಗಿ ನಿಮ್ಮ ಸೊಂಟ ನೋಡತೊಡಗಿದರೆ ಸ್ನೇಹ ಉಳಿಯುವುದಿಲ್ಲ. ನಾನು ಅಲ್ಲಿಂದ ಹೊರಬಂದದ್ದು ಇದೇ ಕಾರಣಕ್ಕೆ. ಮೈ ಬೆಳೆಸಲು ಅಂತ ಪ್ರೋಟೀನ್ ಪುಡಿಗಳ ಹಿಂದೆ ಹೋಗಬೇಡಿ ಅಂತ 2024ರ ಆ ಮಾರ್ಗಸೂಚಿಯೇ ಹೇಳಿದೆ. ಹುರುಳಿಕಾಳು, ಅವರೆಕಾಳು, ಮೊಟ್ಟೆ, ಮೊಸರು ಸಿಗುವ ಊರಿನಲ್ಲಿ ಡಬ್ಬಿಗೆ ಸಾವಿರಾರು ರೂಪಾಯಿ ಯಾಕೆ?

ಎಲ್ಲರಿಗೂ ಒಂದೇ ಪಟ್ಟಿ ಕೊಡುವುದರಲ್ಲಿ ಜೀವಕ್ಕೇ ಅಪಾಯ ಇರುವ ಸಂದರ್ಭಗಳಿವೆ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಗುಂಪಿನಲ್ಲಿ ಹದಿನಾರು ಗಂಟೆ ಉಪವಾಸ ಶುರುಮಾಡಿದಾಗ ಸಕ್ಕರೆ ಕಾಯಿಲೆಯ ಒಬ್ಬರು ಮಾತ್ರೆ ನುಂಗಿ ಊಟ ಬಿಟ್ಟರು. ಬೆಳಗ್ಗೆ ನಡೆಯುವಾಗ ಬೆವರಿ, ಕೈ ನಡುಗಿ ಕುಸಿದು ಕೂತರು. ಯಾರೋ ಓಡಿಹೋಗಿ ಸಕ್ಕರೆ ನೀರು ತಂದು ಕುಡಿಸಿದ ಮೇಲೆ ಚೇತರಿಸಿಕೊಂಡರು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಲೇಬಾರದು. ಬಸುರಿಯರು, ಹಾಲೂಡಿಸುವ ತಾಯಂದಿರು, ಕಿಡ್ನಿ ತೊಂದರೆ ಇರುವವರು ಇಂಥ ಪಟ್ಟಿಗಳಿಂದ ದೂರ ಇರಿ. ತಿಂದು ವಾಂತಿ ಮಾಡಿಕೊಳ್ಳುವ, ದಿನಗಟ್ಟಲೆ ಹಸಿದಿರುವ ಅಭ್ಯಾಸ ಇದ್ದವರಿಗೆ ಗುಂಪು ಬೇಡ. ಅವರಿಗೆ ಡಾಕ್ಟರು, ಆಪ್ತಸಲಹೆಗಾರರು ಬೇಕು.

ತೂಕ ಮತ್ತೆ ಏರಿದವರನ್ನು "ಶಿಸ್ತಿಲ್ಲ" ಅಂತ ಬೈಯುವುದು ನನಗೆ ಎಲ್ಲಕ್ಕಿಂತ ಸಂಕಟ ತರುತ್ತದೆ. ಮೆಲ್ಬರ್ನ್‌ನ ಸಂಶೋಧಕರು 50 ಜನರಿಗೆ ಹತ್ತು ವಾರ ತುಂಬಾ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದರು. ಒಂದು ವರ್ಷವಾದ ಮೇಲೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, ಹಸಿವು ಮೊದಲಿಗಿಂತ ಜಾಸ್ತಿಯೇ ಇತ್ತು. 2011ರಲ್ಲಿ ಇದು ಪ್ರಕಟವಾಯಿತು. ದೇಹ ಹಳೆಯ ತೂಕಕ್ಕೆ ಮರಳಲು ವರ್ಷಗಟ್ಟಲೆ ಎಳೆಯುತ್ತದೆ. ಅಂಥ ಹೊತ್ತಿನಲ್ಲಿ ಜೊತೆಗಿದ್ದವರು ಬೈದರೆ ಆ ಮನುಷ್ಯ ಎಲ್ಲಿಗೆ ಹೋಗಬೇಕು?

ತೂಕ ಇಳಿಸುವ ಚುಚ್ಚುಮದ್ದು ಬಂದಿದೆಯಲ್ಲ, ಇನ್ನು ಗುಂಪು ಯಾಕೆ ಅಂತ ಕೇಳುವವರೂ ಇದ್ದಾರೆ. 2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದಲ್ಲಿ ವೇಟ್ ವಾಚರ್ಸ್ ಸಾಲದ ಹೊರೆಯಿಂದ ದಿವಾಳಿ ಅರ್ಜಿ ಹಾಕಿತು. ಇಂಥ ಔಷಧಿಗಳ ಅಲೆಯೂ ಅದಕ್ಕೆ ಒಂದು ಕಾರಣ. ಔಷಧಿ ಬೇಕಾದವರು ಡಾಕ್ಟರ ಸಲಹೆಯಂತೆ ತೆಗೆದುಕೊಳ್ಳಲಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಚುಚ್ಚುಮದ್ದು ನಿಲ್ಲಿಸಿದರೆ ತೂಕದ ದೊಡ್ಡ ಪಾಲು ವಾಪಸ್ ಬರುತ್ತದೆ. ತೆಗೆದುಕೊಳ್ಳುವಾಗಲೂ ಕಾಳು, ಮೊಟ್ಟೆ ತಿಂದು, ಕೈಕಾಲಿಗೆ ಕೆಲಸ ಕೊಟ್ಟು ಮಾಂಸಖಂಡ ಉಳಿಸಿಕೊಳ್ಳಬೇಕು. ಜೊತೆಗೆ ನಡೆಯುವವರು ಆಗಲೂ ಬೇಕು.

ನಮ್ಮ ಪಾರ್ಕಿನ ಗುಂಪನ್ನು ನಡೆಸುವವರು ನಿವೃತ್ತ ಪಿಟಿ ಮೇಡಂ. ತಿಂಗಳಿಗೆ ಸಣ್ಣ ಮೊತ್ತ ಕೊಡುತ್ತೇವೆ. ಏನನ್ನೂ ಮಾರುವುದಿಲ್ಲ. ತೂಕವನ್ನು ಅವರವರು ಮನೆಯಲ್ಲಿ ನೋಡಿಕೊಳ್ಳಬೇಕು, ಹೇಳಲೇಬೇಕು ಅಂತಿಲ್ಲ. ಗುಂಪಿನಲ್ಲಿ ಕೇಳುವುದು ಬೇರೆ ಪ್ರಶ್ನೆಗಳು. ಈ ವಾರ ಎಷ್ಟು ದಿನ ಬಂದಿರಿ? ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಬಂತು? ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಯಿತಾ? ನಾಲ್ಕು ದಿನ ಬಾರದವರಿಗೆ ಯಾರಾದರೂ ಫೋನ್ ಮಾಡುತ್ತಾರೆ, "ಹುಷಾರಾಗಿದ್ದೀರಾ?" ಅಂತ ಮಾತ್ರ ಕೇಳಲು. ಇಲ್ಲೂ ಎಲ್ಲರ ತೂಕ ಇಳಿದಿಲ್ಲ. ಕೆಲವರ ಸಕ್ಕರೆ ಅಂಶ ಇಳಿದಿದೆ, ಕೆಲವರ ನಿದ್ದೆ ಸುಧಾರಿಸಿದೆ, ಇಬ್ಬರು ಏನೂ ಬದಲಾಗದೆಯೂ ದಿನಾ ಬರುತ್ತಾರೆ.

ಹಾಗಾಗಿ ಸೇರುವ ಮೊದಲು ಒಂದು ದಿನ ಸುಮ್ನೆ ಹೋಗಿ ಕೂತು ನೋಡಿ. ನಡೆಸುವವರ ಹೊಟ್ಟೆಪಾಡು ಶುಲ್ಕದಿಂದಲೋ ಡಬ್ಬಿಯಿಂದಲೋ ಕೇಳಿ. ಕೋರ್ಸ್ ಮುಗಿದ ಮೇಲೆ ಏನು ಅಂತ ಕೇಳಿ. ತೂಕ ಏರಿದವರ ಜೊತೆ ಹೇಗೆ ಮಾತಾಡುತ್ತಾರೆ ಅಂತ ಕಿವಿಗೊಟ್ಟು ಕೇಳಿ. ಹೊಸಬರ ಬಿಪಿ, ಸಕ್ಕರೆ, ಮಾತ್ರೆಗಳ ಬಗ್ಗೆ ಅವರು ಒಂದು ಮಾತೂ ಕೇಳದಿದ್ದರೆ ಎದ್ದು ಬನ್ನಿ.

ಮೊನ್ನೆ ಹಾಸನದಿಂದ ಗೆಳತಿ ಫೋನ್ ಮಾಡಿದ್ದಳು. ಅವರ ಬೀದಿಯಲ್ಲಿ ಐದಾರು ಜನ ಸೇರಿ ಗುಂಪು ಶುರುಮಾಡುತ್ತಿದ್ದಾರಂತೆ. "ನಮ್ಮತ್ತೆನೂ ಬರ್ತೀನಿ ಅಂತಾರೆ ಕಣೇ. ಅವರಿಗೆ ಮಂಡಿ ನೋವು. ಎಲ್ಲರ ಜೊತೆ ನಡೆಯೋಕಾಗುತ್ತಾ?" ಅಂದಳು. ಕರೆದುಕೊಂಡು ಹೋಗು ಅಂದೆ. ಮೊದಲು ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್"ನಲ್ಲಿ ಬಿಪಿ, ಸಕ್ಕರೆ ನೋಡಿಸು, ದುಡ್ಡು ಕೊಡಬೇಕಿಲ್ಲ. ಮಂಡಿಯನ್ನೂ ಡಾಕ್ಟರಿಗೆ ತೋರಿಸಿ, ಏನು ಮಾಡಬಹುದು ಅಂತ ಕೇಳಿಕೋ. ಅವರು ಸರಿ ಅಂದರೆ ಅತ್ತೆಗೆ ಗಟ್ಟಿಯಾದ, ಸ್ವಲ್ಪ ಎತ್ತರದ ಒಂದು ಕುರ್ಚಿ ಹಾಕಿಸು. ಕೈ ಊರದೆ ಕೂತು ಏಳುವುದು, ಕೂತಲ್ಲೇ ಕಾಲು ಚಾಚಿ ಹಿಡಿಯುವುದು, ಎಷ್ಟಾಗುತ್ತೋ ಅಷ್ಟು. ನೀವು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಅವರ ವ್ಯಾಯಾಮ ಮುಗಿದಿರುತ್ತದೆ. "ಅವರು ತೂಕ ಹೇಳಲ್ಲ ಅಂತಾರೆ" ಅಂದಳು. ಹೇಳುವುದು ಬೇಡ, ತಿಂಗಳಿಗೊಮ್ಮೆ ಎಷ್ಟು ಸಲ ಕೂತು ಎದ್ದರು ಅಂತ ಬರೆದಿಟ್ಟುಕೊಳ್ಳಿ ಅಂದೆ. ಸೋಮವಾರದಿಂದ ಇಬ್ಬರೂ ಹೋಗುತ್ತಾರಂತೆ.